ನಾಟ್ರಾಂಪಾಳ್ಯದ ಕಲ್ಲುಹೂವು

ಅಂಚೆಟ್ಟಿಯಿಂದ ಹೊಗೇನಕಲ್ಲಿಗೆ ಹೊರಟವರು ನಾಟ್ರಾಂಪಾಳ್ಯದಲ್ಲಿ ನಿಲ್ಲುವುದು ಅಪರೂಪ. ನಮಗೂ ಜಲಪಾತದ ಆತುರವೇ ಇದ್ದಿತು. ಬಸ್ಸು ಕೆಟ್ಟದ್ದರಿಂದ ನಿಲ್ಲಬೇಕಾಯಿತು.

ಹಾದಿಯ ಮಗ್ಗುಲ ಬಂಡೆಯ ತುಂಬ ಬೂದುಬಣ್ಣದ ಮಚ್ಚೆಗಳು. ಕೆಲವು ಸುಣ್ಣ ಎರಚಿದಂತೆ ಕಲ್ಲಿಗೇ ಅಂಟಿದ್ದವು. ನೆರಳಿನ ಕಡೆಯವು ಅಂಚೆತ್ತಿಕೊಂಡು ಎಲೆಯಂತೆ ಹರಡಿದ್ದವು. ಅತ್ತಿಗೆಯವರು ನಿಟ್ಟಿಸಿ, “ನಮ್ಮ ಮಸಾಲೆಡಬ್ಬಿಯ ಕಲ್ಲುಹೂವಲ್ಲವೇ ಇದು?” ಎಂದರು.

ಹೂವೆಂಬುದು ಹೆಸರಿಗಷ್ಟೆ. ಶಿಲೀಂಧ್ರವೂ ಪಾಚಿಯೂ ಕೂಡಿ ನಡೆಸುವ ಸಂಸಾರವಿದು. ಪಾಚಿ ಬಿಸಿಲಿನಿಂದ ಅನ್ನ ಮಾಡಿದರೆ ಶಿಲೀಂಧ್ರ ಮನೆಯನ್ನೂ ತೇವವನ್ನೂ ಕಾಯುತ್ತದೆ. 1860ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಸೈಮನ್ ಶ್ವೆಂಡೆನರ್ ಹೀಗೆಂದಾಗ ಅನೇಕ ಪಂಡಿತರು ಒಪ್ಪಲಿಲ್ಲ. ತಮಿಳರು ಕಲ್ಪಾಸಿ ಎನ್ನುವ ಅಂಗಡಿಯ ಕಲ್ಲುಹೂವು ಬಹುಮಟ್ಟಿಗೆ ಪಾರ್ಮೊಟ್ರೀಮ ಕುಲದ್ದು. ಮೇಲೆ ಬೂದು, ಅಡಿಯಲ್ಲಿ ಕಪ್ಪು. ಕಲ್ಲಿನ ಹೆಸರು ಹೊತ್ತಿದ್ದರೂ ಮರದ ತೊಗಟೆಯ ಮೇಲೂ ಬೆಳೆಯುತ್ತದೆ. ಎಣ್ಣೆಯಲ್ಲಿ ಬಾಡಿಸುವವರೆಗೆ ತನ್ನ ಪರಿಮಳವನ್ನು ಬಿಟ್ಟುಕೊಡದು. ಗಂಧಕದ ಹೊಗೆ ಮುಸುಕಿದೆಡೆ ಇಂಥವು ಬಾಳುವುದು ಕಷ್ಟ.

ಅತ್ತಿಗೆಯವರು ಸೆರಗು ಹಿಡಿದು ಕೀಳಹೊರಟರು. ನಾವು ತಡೆದೆವು. ಹೋಲಿಕೆ ಕಂಡಮಾತ್ರಕ್ಕೆ ಬಾಣಲೆಗೆ ಹಾಕಲಾದೀತೆ? ಇದರ ದಾಯಾದಿಗಳು ನೂರಾರು. ಮೇಲಾಗಿ, ಕಲ್ಲಿಗಂಟಿದ ಜಾತಿಗಳಲ್ಲಿ ಹಲವು ವರ್ಷಕ್ಕೆ ಒಂದು ಮಿಲಿಮೀಟರಿನಷ್ಟೂ ಹಬ್ಬುವುದಿಲ್ಲ. ಅಂಗೈಯಗಲದ ಮಚ್ಚೆ ನಮ್ಮ ತಾತಂದಿರ ಕಾಲದ್ದಿರಬಹುದು. ಈ ಸೀಮೆಯ ಕಾವೇರಿ ತೀರದ ಕಾಡಿನ ಬಹುಭಾಗ 2014ರಿಂದ ವನ್ಯಧಾಮವೂ ಹೌದು.

ಕುರಿ ಕಾಯುತ್ತಿದ್ದ ಮುದುಕರೊಬ್ಬರು ಅಚ್ಚ ಕನ್ನಡದಲ್ಲಿ, “ಅಂಗಡೀಲಿ ಸಿಗ್ತದೆ, ಬಿಡಮ್ಮಾ” ಎಂದರು. ಅತ್ತಿಗೆಯವರು ನಕ್ಕು ಸೆರಗು ಕೊಡವಿಕೊಂಡರು. ಅಷ್ಟರಲ್ಲಿ ಬಸ್ಸಿನವನು ಕೂಗಿದ.