ಕಪ್ಪು ಬಾನೆಟ್

ಸೆಪ್ಟೆಂಬರ್ 13, 2025, ಶನಿವಾರ ರಾತ್ರಿ

ಪೆಟ್ರೋಲ್ ಬಂಕಿನ ಬಿಳಿ ದೀಪದ ಕೆಳಗೆ ನಿಂತಾಗ ಕಂಡಿತು. ಬಾನೆಟ್ ತುಂಬ ಜೇಡರ ಬಲೆಯಂಥ ಗೀರು. ಮನೆಗೆ ಬಂದು ಬೇಸ್‌ಮೆಂಟಿನಲ್ಲಿ ಟಾರ್ಚ್ ಹಿಡಿದೆ. ಬಾಗಿಲು, ಡಿಕ್ಕಿ, ಎಲ್ಲ ಕಡೆ ಅದೇ. ಕಪ್ಪೇ ಬೇಕು ಅಂತ ಹಟ ಹಿಡಿದು, ಎರಡು ತಿಂಗಳು ಕಾದು ತಂದ ಗಾಡಿ. ಆರೇ ವರ್ಷ. ಈಗ ಅದು ಕಪ್ಪಲ್ಲ, ಬೂದಿ.

ಊಟ ಸೇರಲಿಲ್ಲ.

ಸೆ. 14, ಭಾನುವಾರ, ಬೆಳಗ್ಗೆ 5.40

ಕೆಳಗಿಳಿದು ನೋಡಿದೆ. ದಿನಾ ಗಾಡಿ ಒರೆಸಲು ಬರುವ ತಾತ ಕೆಲಸದಲ್ಲಿದ್ದರು. ಹದಿನಾಲ್ಕು ಗಾಡಿ, ಒಂದೇ ಹಳದಿ ಬಟ್ಟೆ, ಒಣದು. ನನ್ನದು ಒಂಬತ್ತನೆಯದು. ಮೊದಲ ಎಂಟರ ದೂಳೆಲ್ಲ ಆ ಬಟ್ಟೆಯಲ್ಲೇ. ನಮ್ಮ ಬೀದಿಯಲ್ಲಿ ಮೂರು ಕಟ್ಟಡ ಏಳುತ್ತಿವೆ, ದೂಳಲ್ಲಿ ಅರ್ಧ ಮರಳು. ಅಂಗೈ ಊರಿ, ನೆಲ ಸಾರಿಸುವ ಹಾಗೆ, ಜೋರಾಗಿ ಒತ್ತುತ್ತಿದ್ದರು.

"ಇವತ್ತು ಬೇಡ ತಾತ" ಅಂದೆ.

"ಭಾನುವಾರ ಹೊರಗೆ ಹೋಗ್ತೀರಲ್ಲ ಸಾರ್, ಮಿಂಚ್ಬೇಕು" ಅಂದು ಇನ್ನೊಂದು ಸಲ ಒತ್ತಿದರು.

ರಾತ್ರಿ

ಟಾರ್ಚನ್ನು ಅತ್ತ ಒಯ್ದರೆ ಬಲೆಯೂ ಅತ್ತ ಹೋಗುತ್ತದೆ. ಎಲ್ಲಿಟ್ಟರೂ ಅದೇ ನಡುಬಿಂದು. ಆಮೇಲೆ ಗೊತ್ತಾಯಿತು: ಗೀರುಗಳು ದುಂಡಗಿಲ್ಲ. ದಿಕ್ಕುದಿಕ್ಕಿಗೆ ಎಳೆದ ಸಣ್ಣ ಗೆರೆಗಳು. ಬೆಳಕಿಗೆ ಅಡ್ಡ ಬಂದವು ಮಾತ್ರ ಹೊಳೆದು ದೀಪದ ಸುತ್ತ ಬಳೆಯ ಹಾಗೆ ಕಾಣುತ್ತವೆ. ಉಳಿದವು ಕತ್ತಲಲ್ಲಿ ಕಾಯುತ್ತಿರುತ್ತವೆ. ಬಿಳಿ ಗಾಡಿಗೂ ಇಷ್ಟೇ ಇರುತ್ತವಂತೆ, ಕಾಣುವುದಿಲ್ಲ ಅಷ್ಟೆ.

ಸೆ. 17

ಮೇ ತಿಂಗಳಲ್ಲಿ ಒಂದು ಕಡೆ 3500 ಕೊಟ್ಟು ಪಾಲಿಶ್ ಮಾಡಿಸಿದ್ದೆ. ಎರಡು ವಾರ ಕನ್ನಡಿಯಂತಿತ್ತು. ಇವತ್ತು ಗ್ಯಾರೇಜಿನ ಗೆಳೆಯ ಹೇಳಿದ: ಗೀರಿನೊಳಗೆ ಎಣ್ಣೆ ತುಂಬಿದ್ದಾರೆ, ತೆಗೆದಿಲ್ಲ. ಐಸೋಪ್ರೊಪೈಲ್ ಆಲ್ಕೋಹಾಲಿಗೆ ಅರ್ಧ ನೀರು ಬೆರೆಸಿ ಅಂಗೈಯಗಲ ಒರೆಸಿ ತೋರಿಸಿದ. ಅಲ್ಲಿ ಇನ್ನೂ ಗೀರು.

ಬಣ್ಣದ ದಪ್ಪ ಅಳೆಯುವ ಮೀಟರ್ ಕೊಟ್ಟಿದ್ದಾನೆ. ಬಾನೆಟ್ 112 ಮೈಕ್ರಾನ್, ಛಾವಣಿ 118, ಎಡ ಬಾಗಿಲು 109. ಪ್ರೈಮರ್, ಬಣ್ಣ, ಕ್ಲಿಯರ್ ಕೋಟ್ ಎಲ್ಲ ಸೇರಿ. ನನಗೆ ಸಿಗುವುದು ಮೇಲಿನ ಪಾರದರ್ಶಕ ಪದರ ಮಾತ್ರ, ಸುಮಾರು 40. ಒಂದು ಕೂದಲಿಗಿಂತ ತೆಳು.

ಗೀರನ್ನು ಯಾರೂ ತೆಗೆಯುವುದಿಲ್ಲ. ಅದರ ಸುತ್ತ ಇರುವ ಒಳ್ಳೆಯ ಪದರವನ್ನು ಅದರ ತಳದವರೆಗೆ ಸವೆಸುವುದು. ಇದು ಯಾಕೋ ಮನಸ್ಸಲ್ಲಿ ಕೂತಿದೆ.

ಸೆ. 20, ಶನಿವಾರ

ಎರಡು ಬಕೆಟ್, ಒಂದು ಶಾಂಪೂಗೆ, ಇನ್ನೊಂದು ಕೈಗವಸು ಜಾಲಿಸಲು. ಆಮೇಲೆ ಅಂಟಿದ ಕೊಳೆ ಎಳೆಯುವ ಕ್ಲೇ. ನುಣ್ಣಗಿದೆ ಅಂದುಕೊಂಡ ಛಾವಣಿಯಿಂದ ಕಂದು ಕೊಳೆ ಎದ್ದು ಬಂತು. ಅಂಚುಗಳಿಗೆ ಟೇಪ್: ಅಂಚಲ್ಲಿ ಬಣ್ಣ ತೆಳು, ಪಾಲಿಶ್ ಮೆಷಿನ್ ತಾಗಿದರೆ ಮುಗಿಯಿತು.

ಪ್ರಯೋಗಕ್ಕೆ ಒಂದೂವರೆ ಅಡಿ ಚೌಕ. ಮೆತ್ತನೆ ಪ್ಯಾಡ್, ನಯವಾದ ಪಾಲಿಶ್, ನಾಲ್ಕು ಹನಿ. ಅಡ್ಡ, ಉದ್ದ, ಅಡ್ಡ, ಉದ್ದ. ಒರೆಸಿ ಟಾರ್ಚ್ ಹಿಡಿದರೆ ಅರ್ಧ ಹೋಗಿದೆ. ಸ್ವಲ್ಪ ಗಟ್ಟಿ ಪ್ಯಾಡಿಗೆ ಬದಲಿಸಿದೆ. ಮತ್ತೆ ನೋಡಿದೆ.

ಕಪ್ಪು. ಬಾವಿಯ ನೀರಿನ ಕಪ್ಪು. ಗಂಟಲು ಕಟ್ಟಿತು, ಸುಳ್ಳೇಕೆ ಬರೆಯಲಿ.

ಸೆ. 21, ಮಹಾಲಯ ಅಮಾವಾಸ್ಯೆ

ಇವತ್ತು ಮೆಷಿನ್ ಮುಟ್ಟಬೇಡ ಅಂದಳು ಅಮ್ಮ. ಮುಟ್ಟಲಿಲ್ಲ. ಸುಮ್ಮನೆ ಕೂತಾಗ ನೆನಪಾಯಿತು.

2024ರ ಮಾರ್ಚ್. ಬೋರ್‌ವೆಲ್ ಬತ್ತಿ ಟ್ಯಾಂಕರಿಗೆ ಕಾಯುತ್ತಿದ್ದ ದಿನಗಳು. ಕುಡಿಯುವ ನೀರಲ್ಲಿ ವಾಹನ ತೊಳೆದರೆ 5000 ದಂಡ ಅಂತ ಜಲಮಂಡಳಿ ಆದೇಶ. ಅದಕ್ಕೂ ಮೊದಲು ತಾತ ಬಕೆಟ್ ನೀರಲ್ಲೇ ಒರೆಸುತ್ತಿದ್ದರು. "ಏನ್ ಮಾಡ್ಲಿ ಸಾರ್" ಅಂತ ಕೇಳಿದವರಿಗೆ, "ಒಣಬಟ್ಟೇಲಿ ಒರೆಸಿಬಿಡಿ ತಾತ, ಸಾಕು" ಅಂದದ್ದು ನಾನು. ಮಳೆ ಬಂತು, ನೀರು ಬಂತು. ಆ ಮಾತನ್ನು ನಾನು ವಾಪಸ್ ತೆಗೆದುಕೊಳ್ಳಲೇ ಇಲ್ಲ.

ಹತ್ತಿರ ಹತ್ತಿರ 550 ಬೆಳಗು.

ಸೆ. 28, ಭಾನುವಾರ, ಸಂಜೆ 7

ನಿನ್ನೆ ಇಡೀ ದಿನ, ಇವತ್ತು ಇಡೀ ದಿನ. ಬೆರಳು ಜೋಮು ಹಿಡಿದಿವೆ. ಲೋಹ ಬಿಸಿಯಾಯಿತೇ ಅಂತ ಆಗಾಗ ಅಂಗೈ ಇಟ್ಟು ನೋಡುತ್ತಿದ್ದೆ, ಮಗುವಿನ ಜ್ವರ ನೋಡುವ ಹಾಗೆ. ನೆಲಕ್ಕೆ ಬಿದ್ದ ಎರಡು ಬಟ್ಟೆ ಆಚೆಗಿಟ್ಟೆ. ಈ ಬಣ್ಣ ಎಷ್ಟು ಮೆದುವೆಂದರೆ ಪಾಲಿಶ್ ಒರೆಸುವ ಬಟ್ಟೆಯೇ ಹೊಸ ಗೀರು ಎಳೆಯುತ್ತದೆ.

ಬಾನೆಟ್ ಈಗ 109. ಮೂರು ಮೈಕ್ರಾನ್ ಹೋಯಿತು. ಮತ್ತೆಂದೂ ಬರುವುದಿಲ್ಲ.

ಬಾಗಿಲ ಹಿಡಿಯ ಹಿಂದೆ ಉಗುರಿನ ಆಳದ ಗೀರುಗಳಿವೆ. ಬಿಟ್ಟೆ. ಇರಲಿ.

ಸೆ. 29

ತಾತನಿಗೆ ಹೇಳಿದೆ. ಇನ್ನು ಒರೆಸಬೇಡಿ, ತಿಂಗಳ ದುಡ್ಡು ಹಾಗೇ ಕೊಡ್ತೀನಿ. ಮುಖ ಸಣ್ಣದಾಯಿತು. "ಏನ್ ತಪ್ಪಾಯ್ತು ಸಾರ್?" ಬಟ್ಟೆಯ ಗೀರು ತೋರಿಸೋಣವೆಂದರೆ ತೋರಿಸಲು ಒಂದೂ ಉಳಿದಿಲ್ಲ. ತಪ್ಪು ನನ್ನದು ಅಂದೆ. ನಂಬಲಿಲ್ಲ. ಆರು ಮೈಕ್ರೋಫೈಬರ್ ಬಟ್ಟೆ ಕೊಟ್ಟೆ, ಬೇರೆ ಗಾಡಿಗಳಿಗಾದರೂ ಆಗಲಿ ಅಂತ. ಎರಡೂ ಕೈಯಲ್ಲಿ ತೆಗೆದುಕೊಂಡರು.

ಅಕ್ಟೋಬರ್ 1, ಆಯುಧಪೂಜೆ

ಚಕ್ರದಡಿ ನಿಂಬೆಹಣ್ಣು, ಬಂಪರಿಗೆ ಚೆಂಡುಹೂ. ಕುಂಕುಮ ಗಾಜಿಗಷ್ಟೇ ಇಡಮ್ಮ ಅಂದೆ. ಕೇಳಿದಳು.

ಸಿಹಿ ತೆಗೆದುಕೊಳ್ಳಲು ತಾತ ಬಂದರು. ಬಾನೆಟ್ ಮುಂದೆ ಬಹಳ ಹೊತ್ತು ನಿಂತರು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು.

ಅ. 3

ಆ ಆರು ಬಟ್ಟೆ ಅವರ ಸೈಕಲ್ ಕ್ಯಾರಿಯರಿನಲ್ಲಿ, ಕವರ್ ಕೂಡ ಬಿಚ್ಚಿಲ್ಲ. "ಹೊಸದು ಸಾರ್, ಕೊಳೆ ಆಗ್ಬಿಡ್ತದೆ." ಪಕ್ಕದ ಬಿಳಿ ಗಾಡಿ ಹಳದಿ ಬಟ್ಟೆಯಲ್ಲೇ ಒರೆಸುತ್ತಿದ್ದರು.

ಅ. 5, ಭಾನುವಾರ

ಬಾನೆಟ್ ಮೇಲೆ ಐದು ದಿನದ ದೂಳು, ಬೆಕ್ಕಿನ ಹೆಜ್ಜೆ. ಮೇಲಿಂದ ಬಕೆಟ್ ಹೊತ್ತು ತರಲು ಮೈ ಬಗ್ಗದು.

ತಿಂಗಳ ದುಡ್ಡು ಕೊಡಲು ಹೋದೆ. ತಾತ ನೋಟು ಮುಟ್ಟಲಿಲ್ಲ.

"ಇಟ್ಕೊಂಡಿರಿ ಸಾರ್. ಒರೆಸಿದ್ ಮೇಲೆ ಕೊಡಿ."