ಏರಿಯ ಹಿಂಬದಿ

ಪ್ರಾತಃಕಾಲದ ವಾಯುಸೇವನೆಗೆಂದು ಜೆ.ಪಿ. ನಗರದ ಸಾರಕ್ಕಿ ಕೆರೆಗೋ ಬಿಟಿಎಂ ಬಡಾವಣೆಯ ಪಕ್ಕದ ಮಡಿವಾಳ ಕೆರೆಗೋ ಬರುವ ಸಜ್ಜನರಲ್ಲಿ ಕೆಲವರು ಆರೋಗ್ಯಕ್ಕಾಗಿ ಬರುತ್ತಾರೆ, ಕೆಲವರು ಹಕ್ಕಿಗಳಿಗಾಗಿ, ಮತ್ತೆ ಕೆಲವರು ಮನೆಯಲ್ಲಿ ಯಾರೂ ಕಿವಿಗೊಡದ ರಾಜಕೀಯ ಚರ್ಚೆಗಾಗಿ. ನಾನಾದರೋ, ಹೇಳಿಕೊಳ್ಳಲು ಕೊಂಚ ಸಂಕೋಚವಾದರೂ, ಏರಿಯನ್ನು ನೋಡಲು ಹೋಗುತ್ತೇನೆ. ನೀರನ್ನು ನೋಡುವುದು ಸರ್ವಸಮ್ಮತವಾದ ಆನಂದ. ಆ ನೀರನ್ನು ತಡೆದು ನಿಲ್ಲಿಸಿರುವ ಮಣ್ಣಿನ ಒಡ್ಡನ್ನು, ಅದರಲ್ಲಿಯೂ ಯಾರೂ ಇಳಿಯದ ಅದರ ಹಿಂಬದಿಯನ್ನು ಬಗ್ಗಿ ಬಗ್ಗಿ ಪರೀಕ್ಷಿಸುವುದು ಅಷ್ಟು ಸುಲಭವಾಗಿ ಸಮರ್ಥಿಸಿಕೊಳ್ಳಬಹುದಾದ ಹವ್ಯಾಸವಲ್ಲ. "ಏನು ಸಾರ್, ಏನಾದರೂ ಕಳಕೊಂಡಿರಾ?" ಎಂದು ಮೇಲಿನಿಂದ ಕೇಳುವವರಿಗೆ "ಇಲ್ಲ, ಒಸರು ನೋಡುತ್ತಿದ್ದೇನೆ" ಎಂದರೆ, ಅವರು ನಸುನಕ್ಕು ನಡಿಗೆಯ ವೇಗವನ್ನು ಹೆಚ್ಚಿಸುತ್ತಾರೆ.

ಒಸರದ ಮಣ್ಣಿನ ಏರಿ ಲೋಕದಲ್ಲಿಲ್ಲ. ಒಸರಿದ ನೀರಿನ ಬಣ್ಣವನ್ನು ನೋಡುವುದರಲ್ಲಿಯೇ ಈ ಹವ್ಯಾಸದ ರಸವೆಲ್ಲ ಅಡಗಿದೆ. ಏರಿಯ ಬುಡದಲ್ಲಿ ಬೇಸಗೆಯಲ್ಲಿಯೂ ಹುಲ್ಲು ಹಸುರಾಗಿದ್ದು, ಕಾಲಿಟ್ಟರೆ ನೆಲ ಮೆತ್ತಗಾಗಿ, ಅಲ್ಲಿ ಜಿನುಗುವ ನೀರು ಸ್ಫಟಿಕದಂತೆ ತಿಳಿಯಾಗಿದ್ದರೆ ಗುರುತಿಟ್ಟುಕೊಂಡು ಮುಂದೆ ನಡೆಯಬಹುದು. ಅದೇ ನೀರು ಕದಡಿ ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿತೆಂದರೆ, ಏರಿಯ ಒಡಲಿನ ಮಣ್ಣು ಕಣಕಣವಾಗಿ ಕರಗಿ ಹೊರಕ್ಕೆ ಹೋಗುತ್ತಿದೆ, ಒಳಗೊಂದು ಸುರಂಗವು ಬುಡದಿಂದ ಕೆರೆಯ ಕಡೆಗೆ ಹಿಮ್ಮುಖವಾಗಿ ಬೆಳೆಯುತ್ತಿದೆ ಎಂದೇ ತಿಳಿಯಬೇಕು. ಕಲ್ಲುಕಟ್ಟಡದ ತೂಬು ಏರಿಯ ಮಣ್ಣನ್ನು ಸೇರುವ ಸಂದಿನಲ್ಲಿ, ಹೆಗ್ಗಣವು ತೋಡಿದ ಬಿಲದಲ್ಲಿ, ಎಂದೋ ಸತ್ತ ಮರದ ಕೊಳೆತ ಬೇರು ಬಿಟ್ಟುಹೋದ ಪೊಳ್ಳಿನಲ್ಲಿ ಈ ವ್ಯಾಪಾರವು ಸದ್ದಿಲ್ಲದೆ ಆರಂಭವಾಗುವುದುಂಟು. ಆದುದರಿಂದಲೇ ಏರಿಯ ಮೇಲೆ ಮರ ನೆಡುವ ಉತ್ಸವಗಳನ್ನು ಕಂಡಾಗ ನನ್ನಂಥವನಿಗೆ ಚಪ್ಪಾಳೆ ತಟ್ಟಲು ಕೈ ಬರುವುದಿಲ್ಲ. ಏರಿಗೆ ಗರಿಕೆಯೇ ಭೂಷಣ. ಮರಗಳಿಗೆ ಕೆರೆಯ ಸುತ್ತ ಬೇರೆ ಜಾಗವಿದೆ.

ಒಸರಿನ ಈ ಅಪಾಯವನ್ನು ನಮ್ಮ ಪೂರ್ವಿಕರು ಅರಿಯದೆ ಇರಲಿಲ್ಲ. ಇಂದಿನ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ವಿಜಯನಗರದ ರಾಜಕುಮಾರ ಭಾಸ್ಕರನು ಹಾಕಿಸಿದ 1369ರ ಸಂಸ್ಕೃತ ಶಾಸನವು ತಟಾಕಕ್ಕೆ ಬೇಕಾದ ಹನ್ನೆರಡು ಸಾಧನಗಳನ್ನೂ ತಟಾಕದ ಆರು ದೋಷಗಳನ್ನೂ ಹೇಳುತ್ತದೆ. ಕಟ್ಟೆಯಿಂದ ನೀರು ಒಸರುವುದು ಆ ದೋಷಗಳಲ್ಲೊಂದು. ಕೆರೆಯನ್ನು ಕಟ್ಟಿಸಿ ಕಾಪಾಡಿದವರಿಗೆ ಬಿತ್ತುವಟ್ಟವೆಂದು ಭೂಮಿಯನ್ನು ಬಿಡುತ್ತಿದ್ದ ಕಾಲವದು. ಅನಂತರವೂ ಅಚ್ಚುಕಟ್ಟಿನ ರೈತನಿಗೆ ಏರಿ ಒಡೆದರೆ ತನ್ನ ಗದ್ದೆ ಹೋದೀತೆಂಬ ಭಯವಿತ್ತು, ತೂಬನ್ನು ಎತ್ತಿ ಇಳಿಸಲು ನೀರುಗಂಟಿಯಿದ್ದನು. ಈಗ ದಕ್ಷಿಣ ಬೆಂಗಳೂರಿನ ಅಚ್ಚುಕಟ್ಟುಗಳೆಲ್ಲ ಬಡಾವಣೆಗಳಾಗಿವೆ. ಕೆರೆ ಕಾಣುವ ಮನೆಗೆ 'ಲೇಕ್ ವ್ಯೂ' ಎಂದು ಹೆಚ್ಚು ಬೆಲೆ ತೆತ್ತವನು ನೀರನ್ನು ನೋಡುತ್ತಾನೆ, ಏರಿಯ ಕೆಳಗೆ ಮನೆ ಮಾಡಿದವನು ತಾನಿರುವುದು ಏರಿಯ ಕೆಳಗೆ ಎಂಬುದನ್ನೇ ಅರಿಯನು. ಹಿಂದೆ ಬೇಸಗೆಯಲ್ಲಿ ಕೆರೆ ಬತ್ತಿದಾಗ ಹೂಳೆತ್ತಿ ಒಳಮೈಯ ಕಲ್ಲುಗಳನ್ನು ಸರಿಪಡಿಸುತ್ತಿದ್ದರು. ಕೊಳಚೆ ನೀರಿನ ಕೃಪೆಯಿಂದ ವರ್ಷವಿಡೀ ತುಂಬಿರುವ ನಗರದ ಕೆರೆಗಳಿಗೆ ಆ ವಿಶ್ರಾಂತಿಯೂ ಇಲ್ಲ.

ವಿಹಾರಕ್ಕಾಗಿಯೇ ಇಟ್ಟುಕೊಂಡ ಕೆರೆಯ ಗತಿ ಏನಾಗಬಹುದೆಂಬುದಕ್ಕೆ ಅಮೆರಿಕದ ಪೆನ್ಸಿಲ್ವೇನಿಯದ ಸೌತ್ ಫೋರ್ಕ್ ಕಟ್ಟೆಯೇ ಸಾಕ್ಷಿ. ಕಾರ್ನೆಗಿಯಂಥ ಕುಬೇರರು ಸದಸ್ಯರಾಗಿದ್ದ ಬೇಟೆ ಮತ್ತು ಮೀನುಗಾರಿಕೆಯ ಕ್ಲಬ್ಬೊಂದು ಆ ಹಳೆಯ ಮಣ್ಣಿನ ಕಟ್ಟೆಯನ್ನು ಕೊಂಡಿತು. ಕುದುರೆಗಾಡಿಗಳು ಸುಖವಾಗಿ ಓಡಾಡಲೆಂದು ಕಟ್ಟೆಯ ನೆತ್ತಿಯನ್ನು ತಗ್ಗಿಸಿತು, ಬೆಲೆಬಾಳುವ ಮೀನುಗಳು ತಪ್ಪಿಸಿಕೊಳ್ಳದಿರಲೆಂದು, ಹೆಚ್ಚಾದ ನೀರು ಹೊರಹರಿಯುವ ಕೋಡಿಗೆ ಕಬ್ಬಿಣದ ಜಾಲರಿ ಹಾಕಿತು, ಹಿಂದಿನ ಒಡೆಯನು ಕಿತ್ತು ಮಾರಿದ್ದ ತಳದ ಕೊಳವೆಗಳನ್ನು ಮರಳಿ ಕೂರಿಸಲೇ ಇಲ್ಲ. 1889ರ ಮೇ 31ರಂದು ಮಹಾವೃಷ್ಟಿಯಾಗಿ ನೀರು ಕಟ್ಟೆಯ ನೆತ್ತಿಯನ್ನು ಹತ್ತಿ ಹರಿಯಿತು. ಕಟ್ಟೆ ಕೊಚ್ಚಿಹೋಗಿ ಕೆಳಗಿನ ಜಾನ್ಸ್‌ಟೌನ್ ಪಟ್ಟಣದಲ್ಲಿಯೂ ಆ ಕಣಿವೆಯಲ್ಲಿಯೂ 2,209 ಜನ ಸತ್ತರು. ಕಲ್ಲಿನ ಅಣೆಕಟ್ಟೆಯ ಮೇಲೆ ನೀರು ಧುಮುಕಿದರೆ ಅದು ಜಲಪಾತವಾದೀತು. ಮಣ್ಣಿನ ಏರಿಯ ಮೇಲೆ ಹರಿದರೆ ಏರಿಯೇ ಉಳಿಯದು. ಕೋಡಿಯ ಮಟ್ಟ ಏರಿಯ ನೆತ್ತಿಗಿಂತ ಸಾಕಷ್ಟು ಕೆಳಗಿರಬೇಕು, ಅದರ ಬಾಯಿ ತೆರೆದಿರಬೇಕು ಎಂಬ ಎರಡೇ ವಿಧಿಗಳನ್ನು ಆ ಧನಿಕರು ಮೀರಿದ್ದರು. ನಮ್ಮಲ್ಲಿ ಜಾಲರಿಯ ಕೆಲಸವನ್ನು ಅಂತರಗಂಗೆಯೂ ಪ್ಲಾಸ್ಟಿಕ್ ಚೀಲಗಳೂ ಬಿಟ್ಟಿಯಾಗಿಯೇ ಮಾಡುತ್ತವೆ.

2019ರ ನವೆಂಬರ್ 24ರಂದು, ಬನ್ನೇರುಘಟ್ಟ ರಸ್ತೆಯ ಬದಿಯ ಹುಳಿಮಾವು ಕೆರೆಯ ಏರಿ ಒಡೆದು ತಗ್ಗಿನ ನೂರಾರು ಮನೆಗಳಿಗೆ ನೀರು ನುಗ್ಗಿತು. ಅಲ್ಲಿಂದ ಜೆ.ಪಿ. ನಗರ ಬಹು ದೂರವಲ್ಲ. ಇದೇ ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಯನ್ನು ನೆರೆಹೊರೆಯ ನಾಗರಿಕರೇ ಟ್ರಸ್ಟೊಂದನ್ನು ಕಟ್ಟಿಕೊಂಡು ನೋಡಿಕೊಳ್ಳುತ್ತ ಬಂದಿದ್ದಾರೆಂಬುದನ್ನು ಇಲ್ಲಿಯೇ ಹೇಳಬೇಕು. ವೇತನವಿಲ್ಲದ ನೀರುಗಂಟಿಗಳು ಈ ನಗರದಲ್ಲಿ ಇನ್ನೂ ಹುಟ್ಟಬಲ್ಲರು.

ಆದಕಾರಣ ವಾಚಕ ಮಹಾಶಯರಲ್ಲಿ ನನ್ನದೊಂದು ಬಿನ್ನಹ. ಮುಂದಿನ ಸಲ ದೊಡ್ಡ ಮಳೆ ನಿಂತ ಮರುದಿನ ಕೆರೆಯ ಕಡೆ ಹೋದಾಗ ನೀರನ್ನು ಕಣ್ತುಂಬ ನೋಡಿ, ಅನಂತರ ಏರಿಯ ಹಿಂಬದಿಗೆ ಒಮ್ಮೆ ಇಳಿಯಿರಿ. ಕೋಡಿಯ ಬಾಯಿ ಕಟ್ಟಿದ್ದರೆ, ನೆತ್ತಿಯ ಉದ್ದಕ್ಕೂ ಹೊಸ ಬಿರುಕು ಕಂಡರೆ, ಬುಡದ ಒಸರು ಕೆಂಪಾಗಿದ್ದರೆ, ನಾಳೆಗೆಂದು ಬಿಡದೆ ಪಾಲಿಕೆಗೆ ಅಂದೇ ತಿಳಿಸಿ, ಕೆಳಗಿನ ಮನೆಗಳವರಿಗೂ ಹೇಳಿ.