ದನ ಯಾವುದು, ಧನ ಯಾವುದು?

ದೊಡ್ಡ ಮಾನಿಟರ್ ತಂದರೆ ಅಕ್ಷರವೂ ದೊಡ್ಡದಾಗುತ್ತೆ ಅಂತ ಅಂದುಕೊಳ್ತೀವಿ. 4ಕೆ ಮಾನಿಟರ್‌ನಲ್ಲಿ ಆಗೋದು ಉಲ್ಟಾ. 27 ಇಂಚಿನ ಪರದೆಯಲ್ಲಿ 3840 × 2160 ಚುಕ್ಕಿಗಳು, ಅಂದರೆ ಇಂಚಿಗೆ ಸುಮಾರು 163. 24 ಇಂಚಿನ ಫುಲ್ ಎಚ್‌ಡಿ ಪರದೆಯಲ್ಲಿ ಇದು ಸುಮಾರು 92. ಚುಕ್ಕಿ ಅಷ್ಟು ಚಿಕ್ಕದಾದಾಗ ಸ್ಕೇಲಿಂಗ್ ಇಡದಿದ್ದರೆ ಅಕ್ಷರ ಸಾಸಿವೆ ಕಾಳು!

ನಮ್ಮಪ್ಪ ನಿವೃತ್ತ ಕನ್ನಡ ಮೇಷ್ಟ್ರು. ತಾತನ ಲೆಕ್ಕದ ಪುಸ್ತಕಗಳನ್ನು ಟೈಪ್ ಮಾಡಿ ಉಳಿಸಬೇಕು ಅನ್ನೋದು ಅವರ ಹಠ. ಅದಕ್ಕೇ ಕಳೆದ ವರ್ಷ 4ಕೆ ಮಾನಿಟರ್ ತಗೊಂಡರು. ಅಕ್ಷರ ಚಿಕ್ಕದು ಅಂದಿದ್ದಕ್ಕೆ ಜೋಡಿಸಲು ಬಂದ ಹುಡುಗ ರೆಸಲ್ಯೂಶನ್ನನ್ನೇ 1600 × 900ಕ್ಕೆ ಇಳಿಸಿ ಹೋಗಿದ್ದ. ಅಕ್ಷರ ದೊಡ್ಡದಾಯ್ತು, ಜೊತೆಗೆ ಮಸುಕೂ ಆಯ್ತು. ತಿಂಗಳಾದ ಮೇಲೆ ಅಪ್ಪ ಫೋನ್‌ನಲ್ಲಿ ಮೆಲ್ಲಗೆ ಹೇಳಿದರು: "ದನ ಯಾವುದು, ಧನ ಯಾವುದು ಗೊತ್ತಾಗ್ತಿಲ್ಲ ಕಣೋ. ಕಣ್ಣು ಹೋಯ್ತು ಅನ್ಸುತ್ತೆ. ಈ ಕೆಲಸ ಇಲ್ಲಿಗೆ ಬಿಟ್ಬಿಡ್ತೀನಿ."

ಹಬ್ಬಕ್ಕೆ ಊರಿಗೆ ಹೋದಾಗ ನೋಡಿದೆ. ದಿನಪತ್ರಿಕೆಯನ್ನು ಸರಾಗವಾಗಿ ಓದ್ತಿದ್ದರು! ತೊಂದರೆ ಪರದೆಯದು. 1600 ಚುಕ್ಕಿಯ ಚಿತ್ರವನ್ನು 3840ಕ್ಕೆ ಹಿಗ್ಗಿಸಿದರೆ ಒಂದೊಂದು ಚುಕ್ಕಿಯೂ 2.4 ಚುಕ್ಕಿಗಳ ಮೇಲೆ ಹರಡಬೇಕು. ಅರ್ಧ ಚುಕ್ಕಿ ಅಂತ ಇಲ್ಲವಲ್ಲ, ಅಂಚುಗಳು ಕಲಸಿಹೋಗುತ್ತವೆ. ಇಂಗ್ಲಿಷ್ ಅಕ್ಷರ ಹೇಗೋ ತಡೆದುಕೊಳ್ಳುತ್ತೆ. ನಮ್ಮ ಒತ್ತಕ್ಷರ, ಮಹಾಪ್ರಾಣದ ಹೊಟ್ಟೆ ಸೀಳು ಮೊದಲು ಮಾಯ.

ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರೊಳಗೆ ಡಿಸ್‌ಪ್ಲೇ ತೆರೆದೆ. ರೆಸಲ್ಯೂಶನ್ ಮತ್ತೆ 3840 × 2160 ಮಾಡಿ, 'ಸ್ಕೇಲ್' 225% ಇಟ್ಟೆ. ಈಗ ಕಂಪ್ಯೂಟರ್ ಅದೇ ಅಕ್ಷರವನ್ನು ಹೆಚ್ಚು ಚುಕ್ಕಿ ಬಳಸಿ ದೊಡ್ಡದಾಗಿ, ಹೊಸದಾಗಿ ಬರೆಯುತ್ತೆ. ಕೆಲವು ಹಳೇ ಸಾಫ್ಟ್‌ವೇರ್‌ಗಳು ಮಾತ್ರ ಆಗಲೂ ಮಸುಕಾಗಿರಬಹುದು. ಲ್ಯಾಪ್‌ಟಾಪ್‌ಗೆ ಮಾನಿಟರ್ ಜೋಡಿಸಿದ್ದರೆ ಎರಡಕ್ಕೂ ಬೇರೆ ಬೇರೆ ಸ್ಕೇಲ್ ಇಡಬಹುದು. ಮೌಸ್ ತಡವರಿಸಿದರೆ ಕೇಬಲ್, ಪೋರ್ಟ್ ಎರಡನ್ನೂ ನೋಡಿ. ಎಚ್‌ಡಿಎಂಐ 1.4ರಲ್ಲಿ 4ಕೆ ಚಿತ್ರ ಸೆಕೆಂಡಿಗೆ 30 ಸಲವಷ್ಟೇ ಬದಲಾಗುತ್ತೆ. 60 ಬೇಕಾದರೆ 2.0 ಬೇಕು.

ಅಪ್ಪ ಕನ್ನಡಕ ಸರಿಮಾಡ್ಕೊಂಡು ಒಂದು ಸಾಲು ಗಟ್ಟಿಯಾಗಿ ಓದಿದರು. ತಾತ ಮಾರಿದ್ದು ದನ, ಬಂದದ್ದು ಧನ! ಆ ರಾತ್ರಿಯೇ ನಾಲ್ಕು ಪುಟ ಟೈಪ್ ಆಯ್ತು. ಕಣ್ಣಿನ ಡಾಕ್ಟರ ಹತ್ತಿರವೂ ಕರ್ಕೊಂಡು ಹೋದೆ, ಅದು ಹೇಗೂ ವರ್ಷಕ್ಕೊಮ್ಮೆ ಆಗಬೇಕಾದ್ದೇ.

ಹಿರಿಯರು ಯಂತ್ರದ ತಪ್ಪನ್ನೂ ತಮ್ಮ ವಯಸ್ಸಿನ ಮೇಲೆ ಹಾಕ್ಕೊಂಡು ಸುಮ್ಮನಾಗ್ತಾರೆ. ಮುಂದಿನ ಸಲ ಊರಿಗೆ ಹೋದಾಗ ನಿಮ್ಮ ಮನೆಯ ಪರದೆಯನ್ನೂ ಒಮ್ಮೆ ನೋಡಿ. ಎರಡು ನಿಮಿಷದ ಕೆಲಸ.